ಗುಡ್ಡೆಯ ಹೊಸ ಲೇಔಟ್ ಮತ್ತು ಒಳಚರಂಡಿ: ಭಾನುವಾರದ ಸಭೆಗೆ ಮುಂಚೆ ಎಲ್ಲರೂ ಓದಿ

ಎರಡನೇ ಅಡ್ಡರಸ್ತೆ, ಮೂಲೆ ಮನೆ
ನಮಸ್ಕಾರ. ಮೇಲಿನ ಗುಡ್ಡೆಗೆ ಜೆಸಿಬಿ ಬಂದದ್ದು ಎಲ್ಲರೂ ನೋಡಿದ್ದೀರಿ. ನೂರು ಸೈಟು ಆಗುತ್ತದಂತೆ. ಅಲ್ಲಿ ಒಳಚರಂಡಿ ಇಲ್ಲ, ನಮಗೂ ಇಲ್ಲ. ಮಂಗಳೂರಿನ ಶುದ್ಧೀಕರಣ ಘಟಕಗಳು ಇರುವುದು ಕಾವೂರು, ಪಚ್ಚನಾಡಿ, ಬಜಾಲ್, ಸುರತ್ಕಲ್‌ನಲ್ಲಿ. ಅಲ್ಲಿಗೆ ಹೋಗುವ ಪೈಪ್ ನಮ್ಮ ಪಂಚಾಯತ್ ಗಡಿ ಇನ್ನೂ ದಾಟಿಲ್ಲ.

ಒಂದು ಲೆಕ್ಕ ಹೇಳುತ್ತೇನೆ. ಒಳಚರಂಡಿ ಇರುವ ಊರಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಅಂತ ಸರ್ಕಾರಿ ಕೈಪಿಡಿಯ ಲೆಕ್ಕ. ಅದರಲ್ಲಿ ನೂರಕ್ಕೆ 80 ಪಾಲು ಕೊಳಚೆಯಾಗಿ ಹೊರಗೆ ಬರುತ್ತದೆ. ಮನೆಗೆ ಐದು ಜನ ಅಂದರೆ 540 ಲೀಟರ್. ನೂರು ಮನೆಗೆ ದಿನಕ್ಕೆ 54,000 ಲೀಟರ್. ಅಷ್ಟೂ ನಮ್ಮ ಬಾವಿಗಳ ಮೇಲ್ಭಾಗದ ಪಿಟ್‌ಗಳಿಗೆ ಇಳಿಯುತ್ತದೆ. ಮುರಕಲ್ಲಿನ ನೆಲದಲ್ಲಿ ನೀರು ಬೇಗ ಹರಿದು ಬರುತ್ತದೆ.

ತೋಡಿನ ಬದಿ ಮನೆ
ಹೌದು ಅಕ್ಕ. ಕಳೆದ ಆಟಿ ತಿಂಗಳ ಮಳೆಯಲ್ಲಿ ನಮ್ಮ ಬಾವಿ ನೀರಿಗೆ ವಾಸನೆ ಬಂದಿತ್ತು. ಅಮ್ಮ ಕುಡಿಯುವುದಕ್ಕೆ ಕ್ಯಾನ್ ನೀರು ತರಿಸಿದರು. ಆ ಲೇಔಟ್ ನಿಲ್ಲಿಸಲೇಬೇಕು.

ಎರಡನೇ ಅಡ್ಡರಸ್ತೆ, ಮೂಲೆ ಮನೆ
ನಿಲ್ಲಿಸಿ ಅಂತ ಕೇಳಲು ನನಗೆ ಮನಸ್ಸಿಲ್ಲ ತಮ್ಮ. ಅಲ್ಲಿ ಸೈಟ್ ತಗೊಂಡವರೂ ನಮ್ಮ ಹಾಗೆ ಸಾಲ ಮಾಡಿದವರೇ. ನಾವು ಕೇಳಬೇಕಾದದ್ದು ತಾರೀಕು. ಮನೆಗಳು ಯಾವಾಗ ಬರುತ್ತವೆ, ಪೈಪ್ ಯಾವಾಗ ಬರುತ್ತದೆ, ಎರಡನ್ನೂ ಒಂದೇ ಕಾಗದದಲ್ಲಿ ಬರೆದು ಕೊಡಲಿ. ಈಗ ಲೇಔಟ್ ನಕ್ಷೆ ಮುಡಾದಲ್ಲಿ (ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರ), ಖಾತೆ ಪಂಚಾಯತ್‌ನಲ್ಲಿ, ಒಳಚರಂಡಿ ಕಾಮಗಾರಿ ಬೇರೆಯವರ ಕೈಯಲ್ಲಿ. ಎಲ್ಲರನ್ನೂ ಒಂದೇ ಮೇಜಿನ ಸುತ್ತ ಕೂರಿಸಬೇಕು.

ಮೂರನೇ ಅಡ್ಡರಸ್ತೆ
ಮಾಷ್ಟ್ರೇ, ನೀವು ಇಲಾಖೆಯ ಕೆಲಸ ನೋಡಿದವರು. ಪೈಪ್ ಮೊದಲೇ ಹಾಕಿಸಿದರೆ ಆಗುವುದಿಲ್ವಾ?

ಮಾಷ್ಟ್ರ ಮನೆ
ತುಂಬಾ ಬೇಗ ಹಾಕಿದರೂ ಕಷ್ಟ. ಪೈಪ್ ತನ್ನನ್ನು ತಾನೇ ತೊಳೆದುಕೊಳ್ಳಬೇಕಾದರೆ ನೀರು ಸೆಕೆಂಡಿಗೆ ಸುಮಾರು 0.6 ಮೀಟರ್ ವೇಗದಲ್ಲಿ ಹರಿಯಬೇಕು. ಹತ್ತು ಮನೆಯ ನೀರು ದೊಡ್ಡ ಪೈಪ್‌ನಲ್ಲಿ ಹಾಗೆ ಹರಿಯುವುದಿಲ್ಲ. ಕಲ್ಮಷ ಕೂತು ಕೊಳೆಯುತ್ತದೆ, ವಿಷಗಾಳಿ ಏಳುತ್ತದೆ, ಕಾಂಕ್ರೀಟ್ ಸವೆಯುತ್ತದೆ. ಆದ್ದರಿಂದ ಹಂತ ಹಂತವಾಗಿ ಮಾಡಬೇಕು. ದೊಡ್ಡ ಪೈಪನ್ನು ಮುಂದಿನ 30 ವರ್ಷದ ಜನಸಂಖ್ಯೆ ನೋಡಿ ಹಾಕುತ್ತಾರೆ. ಪಂಪು 15 ವರ್ಷದ ಲೆಕ್ಕಕ್ಕೆ. ಆಮೇಲೆ ಬೇಕಾದರೆ ದೊಡ್ಡದು ಕೂರಿಸಬಹುದು.

ಆದರೆ ಜಾಗ ಆಮೇಲೆ ಸಿಗುವುದಿಲ್ಲ ಮಾರಾಯ್ರೇ. ನಮ್ಮದು ಗುಡ್ಡೆ ಮತ್ತು ತಗ್ಗಿನ ಬೈಲಿನ ಊರು. ಕೊಳಚೆ ತಾನಾಗಿ ಬೈಲಿಗೆ ಇಳಿಯುತ್ತದೆ, ಅಲ್ಲಿ ವೆಟ್‌ವೆಲ್, ಅಂದರೆ ಕೊಳಚೆ ಸೇರುವ ತೊಟ್ಟಿ, ಕಟ್ಟಿ ಪಂಪಿನಿಂದ ಮೇಲೆ ಎತ್ತಬೇಕು. ನಮ್ಮ ಬೈಲಿನಲ್ಲಿ ಈಗ ಉಳಿದಿರುವುದು ತೋಡಿನ ಬದಿಯ ಒಂದೇ ತುಂಡು ಜಾಗ. ಅಲ್ಲೂ ಮನೆ ಎದ್ದರೆ ದುಡ್ಡಿದ್ದರೂ ವೆಟ್‌ವೆಲ್ ಎಲ್ಲಿ ಕಟ್ಟುವುದು? ನನ್ನ ಮಟ್ಟಿಗೆ ಎಲ್ಲದಕ್ಕಿಂತ ಮೊದಲು ಆ ಜಾಗವನ್ನು ನಕ್ಷೆಯಲ್ಲಿ ಗುರುತು ಹಾಕಿಸಬೇಕು.

ಕೊನೆ ಮನೆ
ಲೇಔಟ್ ಆದರೂ ಒಂದು ನಕ್ಷೆ ಇರುತ್ತದೆ. ನಮ್ಮ ಕಡೆ ಅರ್ಧ ಮನೆಗಳು ಏಕ ನಿವೇಶನದಲ್ಲಿ (ಲೇಔಟ್ ಇಲ್ಲದೆ ಒಂದೊಂದೇ ಸೈಟಿಗೆ ಪಡೆಯುವ ಅನುಮತಿ) ಒಂದೊಂದಾಗಿ ಎದ್ದವು. ಇಡೀ ಬೈಲಿನ ಕೊಳಚೆ ಎಲ್ಲಿಗೆ ಅಂತ ಯಾರೂ ಒಟ್ಟಿಗೆ ನೋಡಲಿಲ್ಲ.

ಮಾಷ್ಟ್ರ ಮನೆ
ಸರಿಯಾಗಿ ಹೇಳಿದಿರಿ. ಅದನ್ನು ನಾವು ಕೊಡುವ ಅರ್ಜಿಯಲ್ಲಿ ಸೇರಿಸೋಣ. ಪೈಪ್ ಬರುವವರೆಗೆ ಹೊಸ ಲೇಔಟ್‌ನವರು ತಮ್ಮದೇ ಸಣ್ಣ ಶುದ್ಧೀಕರಣ ಘಟಕ ನಡೆಸಲಿ, ಅದರ ಖರ್ಚು ಯಾರದ್ದು ಅಂತ ಅನುಮತಿ ಪತ್ರದಲ್ಲೇ ಇರಲಿ. ಇಂಗುಗುಂಡಿ ಮಾಡುವುದಾದರೆ ಕುಡಿಯುವ ನೀರಿನ ಬಾವಿಯಿಂದ 18 ಮೀಟರ್ ದೂರ ಇರಲೇಬೇಕು. ಐದು ಸೆಂಟ್ಸ್ ಸೈಟಿನಲ್ಲಿ, ಪಕ್ಕದವರ ಬಾವಿ ಬೇಲಿ ಹತ್ತಿರ ಇದ್ದರೆ, ಅದು ಹೇಗೆ ಸಾಧ್ಯ ಅಂತ ಕೇಳಿ.

ಮೂರನೇ ಅಡ್ಡರಸ್ತೆ
ಇನ್ನೊಂದು ವಿಷಯ. ನಮ್ಮ ಮುಖ್ಯ ರಸ್ತೆಗೆ ಕಾಂಕ್ರೀಟ್ ಹಾಕುತ್ತಾರಂತೆ. ಹಾಕಿ ಎರಡು ವರ್ಷಕ್ಕೆ ಪೈಪ್‌ಗಾಗಿ ಅಗೆದರೆ?

ಎರಡನೇ ಅಡ್ಡರಸ್ತೆ, ಮೂಲೆ ಮನೆ
ಅದು ಬಹಳ ಮುಖ್ಯ. ಕಾಂಕ್ರೀಟ್‌ಗೆ ಮುಂಚೆ ಪೈಪ್ ಹಾಕಲಿ. ಅಷ್ಟು ಬೇಗ ಆಗದಿದ್ದರೆ ಪೈಪ್ ಹೋಗುವ ಬದಿ ಬಿಟ್ಟು ಕಾಂಕ್ರೀಟ್ ಹಾಕಲಿ.

ಈಗ ಕೆಲಸ ಹಂಚಿಕೊಳ್ಳೋಣ. ಮಾಹಿತಿ ಹಕ್ಕಿನ ಅರ್ಜಿ ನಾನು ಬರೆಯುತ್ತೇನೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಹಾಗಾಗಿ ಲೇಔಟ್ ಅನುಮತಿಗೆ ಒಂದು, ಒಳಚರಂಡಿ ವಿಸ್ತರಣೆಗೆ ಒಂದು, ರಸ್ತೆಗೆ ಒಂದು. ಸಿಟ್ಟಿನ ಮಾತು ಬೇಡ, ನಕ್ಷೆ ಮತ್ತು ವೇಳಾಪಟ್ಟಿಯ ಪ್ರತಿ ಕೇಳೋಣ. ಮಾಷ್ಟ್ರು ಬೈಲಿನ ನಕ್ಷೆ ಬರೆದು ಕೊಡಲಿ. ವಾರ್ಡ್ ಸಭೆಯಲ್ಲಿ ವಿಷಯ ಎತ್ತಿ, ಅಲ್ಲಿಂದ ಗ್ರಾಮಸಭೆಗೆ ತಂದು ನಿರ್ಣಯ ಬರೆಸೋಣ. ಬಾಯಿ ಮಾತಲ್ಲಿ ಹೇಳಿ ಬಂದರೆ ಸಾಲದು.

ತೋಡಿನ ಬದಿ ಮನೆ
ಸರಿ ಅಕ್ಕ. ಬಾವಿ ನೀರಿನ ಪರೀಕ್ಷೆ ನಾನು ಮಾಡಿಸುತ್ತೇನೆ. ಮನೆಯ ಬಾಟಲಿ ಆಗುವುದಿಲ್ಲವಂತೆ, ಪ್ರಯೋಗಾಲಯದವರ ಬಾಟಲಿಯಲ್ಲೇ ತುಂಬಿಸಿ, ಐಸ್‌ನಲ್ಲಿಟ್ಟು ಅದೇ ದಿನ ಕೊಡಬೇಕು. ಯಾರ ಬಾವಿ ನೀರು ಬೇಕಾದರೂ ತಗೊಂಡು ಹೋಗುತ್ತೇನೆ. ಗುಡ್ಡೆಯ ಬುಡದ ಮನೆಯವರು ದಯವಿಟ್ಟು ಹೆಸರು ಕೊಡಿ, ಮೊದಲು ನಿಮ್ಮದೇ ನೋಡಬೇಕು.

ಕೊನೆ ಮನೆ
ನಮ್ಮ ಬಾವಿ ಸೇರಿಸಿ. ಗುಡ್ಡೆಯಲ್ಲಿ ಸೈಟ್ ತಗೊಂಡ ಇಬ್ಬರು ನನಗೆ ಪರಿಚಯ. ಅವರೂ ಭಾನುವಾರ ಸಂಜೆ ನಾಲ್ಕಕ್ಕೆ ಬರುತ್ತಾರೆ, ಅರ್ಜಿಗೆ ಸಹಿಯೂ ಹಾಕುತ್ತಾರಂತೆ.