ಬಾಡಿಗೆ ಹೆಂಚಿನ ಮನೆ, ಮಳೆಗಾಲ, ಕೈಯಲ್ಲಿ 5,000: ಹಾಲ್ ಚೆಂದ ಮಾಡುವುದು ಹೇಗೆ?

ಹೆಂಚಿನಮನೆ_ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರು ಟೌನಿನಲ್ಲಿ ಹಳೇ ಹೆಂಚಿನ ಮನೆ, ಬಾಡಿಗೆಗೆ. ಹಾಲ್ 10 ಅಡಿಗೆ 14 ಅಡಿ. ಎರಡು ಕಿಟಕಿ, ಚೌಕಟ್ಟು ಸೇರಿ ಒಂದೊಂದೂ 4 ಅಡಿ ಅಗಲ, 4 ಅಡಿ ಎತ್ತರ. ಮರದ ಚೌಕಟ್ಟು, ಕಬ್ಬಿಣದ ಸರಳು. ಗೋಡೆಗೆ ಯಾವ ಕಾಲದ್ದೋ ಡಿಸ್ಟೆಂಪರ್, ಒರಗಿದರೆ ಬೆನ್ನಿಗೆಲ್ಲ ಬಿಳಿ ಹಿಡಿಯುತ್ತದೆ. ಪಡುವಣ ಗೋಡೆಯ ಬುಡದಲ್ಲಿ ಕಪ್ಪು ಬೂಷ್ಟು. ಗೋಡೆಗೆ ಮೊಳೆ ಹೊಡೆಯಬೇಡಿ, ಸುಣ್ಣ ಬಣ್ಣ ಬೇಕಾದರೆ ಮಾಡಿಸಿಕೊಳ್ಳಿ ಅಂತ ಓನರ್ ಹೇಳಿದ್ದಾರೆ.

ಮುಂದಿನ ತಿಂಗಳು ಮಗುವಿನ ನಾಮಕರಣ, 40 ಜನ ಬರುತ್ತಾರೆ. ಖರ್ಚಿಗೆ 5,000 ಮಾತ್ರ. ಮನೆಯಲ್ಲಿ ಇರುವುದು: ಉಡದೆ ಇಟ್ಟ ಹತ್ತಿ ಸೀರೆ 3, ಅಜ್ಜಿ ಕಾಲದ ರೇಷ್ಮೆ ಸೀರೆ 2 (ಒಂದು ಮಡಿಕೆಯಲ್ಲಿ ಸೀಳಿದೆ), ತೋಟದಿಂದ ತಂದ ಕಾಫಿ ಬೊಡ್ಡೆ ಒಂದು, ಹೊಲಿಗೆ ಮಷಿನ್. ರೇಷ್ಮೆ ಸೀರೆಯಲ್ಲೇ ಪರದೆ ಹೊಲಿದರೆ ಗ್ರ್ಯಾಂಡ್ ಆಗಿ ಕಾಣುತ್ತದೆ ಅಂತ ಅಕ್ಕ ಹೇಳುತ್ತಾಳೆ. ಸರಿಯಾ? ಗಮ್ ಹಾಕಿ ಅಂಟಿಸುವ ಹುಕ್ ತಂದಿದ್ದೆ, ಡಿಸ್ಟೆಂಪರ್ ಸಮೇತ ಕಿತ್ತುಕೊಂಡು ಬಂತು. ದಾರಿ ಹೇಳಿ.

ಸೂಜಿದಾರ

ರೇಷ್ಮೆ ಪರದೆ ಬೇಡವೇ ಬೇಡ. ಬಿಸಿಲು ಬಿದ್ದಷ್ಟೂ ರೇಷ್ಮೆ ನೂಲಿನ ಕಸುವು ಹೋಗುತ್ತದೆ. ಅಷ್ಟು ಹಳೇ ಸೀರೆಯಾದರೆ ಎಳೆದು ಸರಿಸುವಾಗಲೇ ಸೀಳುತ್ತದೆ. ಪರದೆಗೆ ನಿಮ್ಮ ಹತ್ತಿ ಸೀರೆಗಳೇ ಸರಿ. ರೆಡಿಮೇಡ್‌ಗೆ ದುಡ್ಡು ಹಾಕಬೇಡಿ.

ಮೊದಲು ಮೂರನ್ನೂ ಬೇರೆ ಬೇರೆ ಬಕೆಟ್‌ನಲ್ಲಿ ಒಂದು ರಾತ್ರಿ ನೀರಿಗೆ ಹಾಕಿ. ಉಡದ ಹತ್ತಿ ಸೀರೆಯಲ್ಲಿ ಗಂಜಿ ಇರುತ್ತದೆ, ತೊಳೆದಾಗ ಕುಗ್ಗುತ್ತದೆ. ಕತ್ತರಿಸಿ ಹೊಲಿದ ಮೇಲೆ ಕುಗ್ಗಿದರೆ ಪರದೆ ಮೋಟಾಗುತ್ತದೆ, ಅಂಚು ಸುಕ್ಕು ಹಿಡಿಯುತ್ತದೆ. ಒಣಗಿಸಿ, ಇಸ್ತ್ರಿ ಮಾಡಿ, ಆಮೇಲೆ ಅಳತೆ.

ಸೀರೆ ಸುಮಾರು ಐದೂವರೆ ಮೀಟರ್, ಅಂದರೆ 216 ಇಂಚು. ಅಗಲ 45 ಇಂಚು ಅಂದುಕೊಳ್ಳಿ. ಸೆರಗಿನ 36 ಇಂಚು ಬೇರೆ ತೆಗೆದಿಡಿ. ಉಳಿದ ಒಡಲು 180 ಇಂಚು, ಅದರಲ್ಲಿ 60 ಇಂಚಿನ ಮೂರು ತುಂಡು ಬರುತ್ತದೆ. ಮೇಲೆ 3 ಇಂಚು ಮಡಿಸಿ (ಅರ್ಧ ಇಂಚು ಒಳಮಡಿಕೆ, ಎರಡೂವರೆ ಇಂಚು ತಂತಿ ತೂರಲು), ಕೆಳಗೆ 4 ಇಂಚು. ನಿಮಗೆ ಸಿಗುವ ಉದ್ದ 53 ಇಂಚು. ನಿಮ್ಮ ಕಿಟಕಿ 48 ಇಂಚು, ಚೌಕಟ್ಟಿನ ಮೇಲಂಚಿನಿಂದ ಇಳಿಬಿಟ್ಟರೆ ಕೆಳಗೆ 5 ಇಂಚು ಜಾಸ್ತಿ ಬರುತ್ತದೆ. ಅಷ್ಟು ಬೇಕು. ಚೌಕಟ್ಟಿಗೆ ಸರಿಯಾಗಿ ನಿಂತ ಪರದೆ ಯಾವಾಗಲೂ ಅಳತೆ ತಪ್ಪಿದ ಹಾಗೇ ಕಾಣುತ್ತದೆ. ನೆನೆಸಿದ ಮೇಲೆ ಸೀರೆ ಕುಗ್ಗಿದ್ದರೆ ಸೆರಗಿನ ಕಡೆಯಿಂದ ತುಂಬಿಕೊಳ್ಳಿ, 60ರಲ್ಲಿ ಕಡಿಮೆ ಮಾಡಬೇಡಿ.

ಒಂದು ಕಿಟಕಿಗೆ ಎರಡು ತುಂಡು. ಒಟ್ಟು 90 ಇಂಚು ಬಟ್ಟೆ 48 ಇಂಚಿಗೆ ಬಂದಾಗ ನಿರಿಗೆ ತುಂಬಿಕೊಂಡು ನಿಲ್ಲುತ್ತದೆ. ಒಂದೇ ತುಂಡು ಎಳೆದು ಕಟ್ಟಿದರೆ ಒಣಹಾಕಿದ ಬಟ್ಟೆಯ ಹಾಗೆ ಕಾಣುತ್ತದೆ. ಸೀರೆ ಎರಡು ಬಣ್ಣದ್ದಾದರೆ ಒಂದು ಕಿಟಕಿಗೆ ಒಂದು ಸೀರೆ ಅಂತ ಮಾಡಬೇಡಿ, ಎರಡೂ ಕಿಟಕಿಯಲ್ಲಿ ಎಡಕ್ಕೊಂದು ಬಣ್ಣ, ಬಲಕ್ಕೊಂದು ಬಣ್ಣ ಹಾಕಿ. ಆಗ ಬೇಕಂತಲೇ ಮಾಡಿದ ಜೋಡಿ ಅನ್ನಿಸುತ್ತದೆ. ಸೀರೆಯ ಅಂಚು ಪಕ್ಕಕ್ಕೆ ಉದ್ದಕ್ಕೂ ಇಳಿಯುವುದರಿಂದ ಪಕ್ಕದ ಹೊಲಿಗೆಯೇ ಬೇಡ. ಮೂರನೇ ಸೀರೆಯನ್ನು 90 ಇಂಚಿನ ಎರಡು ತುಂಡು ಮಾಡಿ, ಒಳಬಾಗಿಲಿಗೆ ಆಯಿತು.

ಗೋಡೆಗೆ ಮೊಳೆ ಬೇಡ ಅಂದರೆ ಚೌಕಟ್ಟಿಗೆ ಹಾಕಬಹುದಾ ಕೇಳಿ ನೋಡಿ. ಹಳೇ ಮನೆಯ ಚೌಕಟ್ಟಿನಲ್ಲಿ ಹಿಂದಿನವರು ಹಾಕಿದ ತೂತು ಇದ್ದೇ ಇರುತ್ತದೆ, ಅದರಲ್ಲೇ ಹುಕ್ ತಿರುಗಿಸಿ. ಪ್ಲಾಸ್ಟಿಕ್ ಹೊದಿಕೆಯ ಸ್ಪ್ರಿಂಗ್ ವೈರ್ ಹಾರ್ಡ್‌ವೇರ್ ಅಂಗಡಿಯಲ್ಲಿ ಅಳತೆ ಲೆಕ್ಕದಲ್ಲಿ ಸಿಗುತ್ತದೆ. ಹುಕ್ಕಿನಿಂದ ಹುಕ್ಕಿಗೆ 46 ಇಂಚು ಇದ್ದರೆ ವೈರ್ 43 ಇಂಚಿಗೆ ಕತ್ತರಿಸಿ, ಎಳೆದು ಸಿಕ್ಕಿಸಬೇಕು. ಸರಿಯಳತೆಗೆ ಕತ್ತರಿಸಿದರೆ ಒಂದೇ ವಾರಕ್ಕೆ ನಡು ಜೋತುಬೀಳುತ್ತದೆ. ಮರ ಗಟ್ಟಿಯಿದ್ದು ಹುಕ್ ತಿರುಗದಿದ್ದರೆ ಅದರ ತಿರುಪಿನ ಗೆರೆಗಳಿಗೆ ಸೋಪು ಸವರಿ.

ಹತ್ತಿ ಹಗುರ, ಗಾಳಿಗೆ ಹಾರುತ್ತದೆ. ಕೆಳಮಡಿಕೆಯ ಮೂಲೆಯಲ್ಲಿ ಒಂದೊಂದು ವಾಷರ್ ಸೇರಿಸಿ ಹೊಲಿಯಿರಿ, ಸ್ಟೀಲ್ ಅಥವಾ ಹಿತ್ತಾಳೆಯದೇ ಆಗಲಿ. ಕಬ್ಬಿಣದ್ದು ನಮ್ಮ ಕಡೆಯ ಮಳೆಗಾಲದಲ್ಲಿ ತುಕ್ಕು ಬಿಟ್ಟು ಬಟ್ಟೆಗೆ ಕಂದು ಕಲೆ ಮಾಡುತ್ತದೆ, ಆ ಕಲೆ ಸುಲಭಕ್ಕೆ ಹೋಗುವುದಿಲ್ಲ.

ಸುಣ್ಣದಗೂಡು

ಪರದೆಗಿಂತ ಮೊದಲು ಗೋಡೆ ನೋಡಿ. ಬೂಷ್ಟಿನ ಗೋಡೆ ಪಕ್ಕ ಎಷ್ಟು ಚೆಂದದ ಬಟ್ಟೆ ಹಾಕಿದರೂ ಮುಗ್ಗಲು ವಾಸನೆ ಹಿಡಿಯುತ್ತದೆ.

ಪಡುವಣ ಗೋಡೆ ಅಂದರೆ ಮುಂಗಾರಿನ ಎರಚಲು ಹೊಡೆಯುವ ಗೋಡೆ. ಹೊರಗೆ ಹೋಗಿ ನೋಡಿ. ಸೂರಿನ ನೀರು ನೆಲಕ್ಕೆ ಬಿದ್ದು ಗೋಡೆಗೆ ಸಿಡಿಯುತ್ತಿದ್ದರೆ, ಬೀಳುವ ಸಾಲಿಗೆ ಒಂದು ಬುಟ್ಟಿ ಜಲ್ಲಿ ಹರಡಿ. ಗೋಡೆಗೆ ತಾಗಿ ಮಣ್ಣೋ ಸೌದೆಯೋ ರಾಶಿ ಇದ್ದರೆ ತೆಗೆಸಿ. ಇದಕ್ಕೆ ಖರ್ಚೇ ಇಲ್ಲ. ಅರ್ಧ ಬೂಷ್ಟಿಗೆ ಇದೇ ಔಷಧಿ.

ತೇವ ಗೋಡೆಯಿಂದ ಬರುತ್ತಿದೆಯೋ ಒಳಗಿನ ಗಾಳಿಯದೋ ಗೊತ್ತಾಗಲು: ಒಂದಡಿ ಚದರ ಡಿಸ್ಟೆಂಪರ್ ಕೆರೆದು ತೆಗೆದು (ಅದರ ಮೇಲೆ ಟೇಪ್ ನಿಲ್ಲುವುದಿಲ್ಲ, ನಿಮ್ಮ ಹುಕ್ ಬಿದ್ದದ್ದೂ ಅದಕ್ಕೇ) ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಗೋಡೆ ಬದಿಯಲ್ಲಿ ಹನಿ ಇದ್ದರೆ ತೇವ ಗೋಡೆಯೊಳಗಿನದು. ನಿಮ್ಮ ಕಡೆಯ ಬದಿಯಲ್ಲಿ ಇದ್ದರೆ ಕೋಣೆಯ ಗಾಳಿಯದು, ಕಿಟಕಿ ತೆಗೆದಿಟ್ಟು ಬೀರು, ಸೋಫಾ ಗೋಡೆಯಿಂದ 4 ಇಂಚು ಈಚೆಗೆ ಎಳೆಯಬೇಕು.

ಬೂಷ್ಟನ್ನು ಒಣ ಪೊರಕೆಯಲ್ಲಿ ಉಜ್ಜಬೇಡಿ, ಮನೆಯೆಲ್ಲ ಹರಡುತ್ತದೆ. ಒಂದು ಲೀಟರ್ ನೀರಿಗೆ ಎರಡು ಚಮಚ ಬ್ಲೀಚಿಂಗ್ ಪೌಡರ್ ಕಲಸಿ, ತಿಳಿಯಾದ ಮೇಲಿನ ನೀರನ್ನು ಬಟ್ಟೆಯಲ್ಲಿ ಹಚ್ಚಿ, 15 ನಿಮಿಷ ಬಿಟ್ಟು ಒರೆಸಿ. ಕೈಗೆ ಗ್ಲೌಸ್, ಕಿಟಕಿ ತೆರೆದಿರಲಿ, ಮಗು ಬೇರೆ ಕೋಣೆಯಲ್ಲಿರಲಿ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಯಾವ ಕಾರಣಕ್ಕೂ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ.

ಮೇಲೆ ಪ್ಲಾಸ್ಟಿಕ್ ಎಮಲ್ಷನ್ ಹೊಡೆಸಬೇಡಿ. ತೇವಕ್ಕೆ ಹೊರಬರಲು ದಾರಿ ಇಲ್ಲದೆ ಗುಳ್ಳೆ ಎದ್ದು ಸಿಪ್ಪೆಯಾಗುತ್ತದೆ. ಸುಣ್ಣವೇ ಬೆಸ್ಟ್. ಅದು ತೇವವನ್ನು ಹಿಡಿದಿಡುವುದಿಲ್ಲ, ಅದರ ಕ್ಷಾರ ಗುಣಕ್ಕೆ ಬೂಷ್ಟು ಬೇಗ ಬೆಳೆಯುವುದಿಲ್ಲ. ಆದರೆ ಡಿಸ್ಟೆಂಪರ್ ಮೇಲೆ ಸುಣ್ಣ ಹಿಡಿಯುವುದಿಲ್ಲ. ನೀರು ಚಿಮುಕಿಸಿ ಮೆತ್ತಗೆ ಮಾಡಿ, ಪೇಂಟರ್ ಕೆರೆಯುವ ತಗಡಿನ ಪಟ್ಟಿಯಲ್ಲಿ ಪೂರ್ತಿ ಕೆರೆಯಬೇಕು. ಆ ಒಂದು ಗೋಡೆಯ ಕೆಳಗಿನ 3 ಅಡಿ ಮಾತ್ರ ಮಾಡಿದರೂ ಸಾಕು, ಅದು 14 ಅಡಿಯ ಗೋಡೆಯಾದರೆ 42 ಚದರ ಅಡಿ ಆಗುತ್ತದೆ, ಇಬ್ಬರಿಗೆ ಒಂದು ದಿನದ ಕೆಲಸ. ಅರಳಿದ ಸುಣ್ಣ ಒಂದು ಕೆ.ಜಿ.ಗೆ ನಾಲ್ಕು ಲೀಟರ್ ನೀರು, ಹಳೇ ಪಂಚೆಯಲ್ಲಿ ಸೋಸಿ, ಹಾಲಿನಷ್ಟು ತೆಳ್ಳಗೆ ಇರಲಿ. ಗೋಡೆ ಒದ್ದೆ ಮಾಡಿ, ತೆಳುವಾಗಿ ಮೂರು ಕೋಟ್, ಒಂದೊಂದರ ನಡುವೆ ಒಂದು ದಿನ ಬಿಡಿ. ಹಚ್ಚಿದಾಗ ನೀರಿನ ಹಾಗೆ ಇರುತ್ತದೆ, ಏನೂ ಹಿಡಿದಿಲ್ಲ ಅಂತ ದಪ್ಪ ಬಳಿಯಬೇಡಿ, ಒಣಗುತ್ತಾ ಬಿಳಿಯಾಗುತ್ತದೆ. ದಪ್ಪ ಬಳಿದರೆ ಮತ್ತೆ ಪುಡಿ ಉದುರುತ್ತದೆ. ಕಣ್ಣಿಗೆ ಸಿಡಿಯದ ಹಾಗೆ ನೋಡಿಕೊಳ್ಳಿ.

ಕೊನೇ ಕೋಟಿಗೆ ಕೆಂಪು ಆಕ್ಸೈಡ್ ಪುಡಿ ಸೇರಿಸಿದರೆ ಕೆಮ್ಮಣ್ಣಿನ ಪಟ್ಟಿ ಬಂದ ಹಾಗಾಗುತ್ತದೆ, ಹೆಂಚಿನ ಮನೆಗೆ ಅದಕ್ಕಿಂತ ಒಪ್ಪುವ ಬಣ್ಣ ಇಲ್ಲ. ಕೆ.ಜಿ. ಸುಣ್ಣಕ್ಕೆ 100 ಗ್ರಾಂ ಮೀರಬೇಡಿ, ಜಾಸ್ತಿಯಾದರೆ ಬಟ್ಟೆಗೆ ಹತ್ತುತ್ತದೆ. ಬರುವುದು ಕಡುಗೆಂಪಲ್ಲ, ತಿಳಿ ಇಟ್ಟಿಗೆ ಬಣ್ಣ. ಮೇಲಂಚಿಗೆ ದಾರಕ್ಕೆ ಬಣ್ಣ ಸವರಿ ಎರಡೂ ಕಡೆ ಬಿಗಿಹಿಡಿದು ಮೀಟಿ ಗೆರೆ ಹಾಕಿಕೊಳ್ಳಿ. ಗೆರೆ ನೇರ ಇದ್ದರೆ ಅರ್ಧ ಅಂದ ಅಲ್ಲೇ ಬಂತು.

ಗಿರಿಸಾಲು

ಲೈಟ್ ಬಗ್ಗೆ ಯಾರೂ ಹೇಳಲಿಲ್ಲ. ನಿಮ್ಮ ಹಾಲ್‌ನಲ್ಲಿ ಬಿಳಿ ಟ್ಯೂಬ್ ಒಂದೇ ಇದ್ದರೆ, ಮೋಡದ ದಿನ ಆ 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಹಳದಿ) ಬೆಳಕಿಗೆ ಇಟ್ಟಿಗೆ ಬಣ್ಣವೂ ಬೂದಿಯಾಗಿ ಕಾಣುತ್ತದೆ. ಡಬ್ಬದ ಮೇಲೆ 2700 ಅಥವಾ 3000 ಕೆಲ್ವಿನ್ ಅಂತ ಇರುವ ಎಲ್‌ಇಡಿ ಬಲ್ಬ್ ತನ್ನಿ. ಇರುವ ಹೋಲ್ಡರ್‌ಗೆ 9 ವಾಟಿನದೊಂದು, ಮೂಲೆಯಲ್ಲಿ ಕೂತವರ ತಲೆ ಎತ್ತರಕ್ಕೆ 5 ವಾಟಿನದೊಂದು. ಮೇದರ ಹತ್ತಿರ ಸಿಗುವ ಕಣ್ಣುಕಣ್ಣಿನ ಬಿದಿರು ಬುಟ್ಟಿ ಬೋರಲು ಹಾಕಿದರೆ ಅದೇ ಶೇಡ್. ಗೋಡೆ ಮೇಲೆ ಬುಟ್ಟಿಯ ಹೆಣಿಗೆಯ ನೆರಳು ಬೀಳುತ್ತದೆ, ದುಡ್ಡು ಕೊಟ್ಟರೂ ಅಂಥದ್ದು ಸಿಗುವುದಿಲ್ಲ. ಬಲ್ಬಿಗೂ ಬಿದಿರಿಗೂ 3 ಇಂಚು ಅಂತರ ಇರಲಿ. ಹಳೇ ತಂತಿಯ ಬಲ್ಬ್ ಒಳಗೆ ಹಾಕಬೇಡಿ, ಅದರ ಕಾವಿಗೆ ಬಿದಿರು ಸೀಯುತ್ತದೆ. ಬುಟ್ಟಿಯ ಕೆಳಗೆ ಸಣ್ಣ ಹುಡಿ ಬಿದ್ದರೆ ಹುಳು ಹಿಡಿದಿದೆ ಅಂತ. ಬಿಸಿಲಿಗೆ ಇಟ್ಟು ಬೋರಾಕ್ಸ್ ನೀರು ಹಚ್ಚಿ ಒಣಗಿಸಿ. ಸೀಮೆಎಣ್ಣೆ ಸವರುವ ಪದ್ಧತಿ ಇದೆ, ಲೈಟಿನ ಬುಟ್ಟಿಗೆ ಅದು ಸಲ್ಲದು.

ಕಾಫಿ ಬೊಡ್ಡೆ ಒಳಗೆ ತರುವ ಮುಂಚೆ ಬುಡದ ಕಡೆ ಕತ್ತರಿಸಿದ ಮುಖ ನೋಡಿ. ದುಂಡನೆ ತೂತು, ಒಳಗೆ ಗಟ್ಟಿಯಾಗಿ ಒತ್ತಿ ತುಂಬಿದ ಮರದ ಹುಡಿ ಕಂಡರೆ ಅದು ಬಿಳಿ ಕಾಂಡಕೊರಕ ಹುಳು. ಅಂಥ ಅರೇಬಿಕಾ ಗಿಡ ಕಿತ್ತು ಸುಡುವುದೇ ತೋಟದ ಕ್ರಮ, ಮನೆಗೆ ಬೇಡ, ಪಕ್ಕದ ತೋಟಕ್ಕೂ ಕೇಡು. ತೂತಿಲ್ಲದಿದ್ದರೆ ತೊಗಟೆ ಪೂರ್ತಿ ಸುಲಿಯಿರಿ, ಆ ಹುಳು ಮೊಟ್ಟೆ ಇಡುವುದು ತೊಗಟೆ ಬಿರುಕಿನಲ್ಲೇ. 80 ನಂಬರಿನ ಮರಳು ಕಾಗದದಲ್ಲಿ ಉಜ್ಜಿ, ಆಮೇಲೆ 150 ನಂಬರಿನದು, ಆಮೇಲೆ ಅಗಸೆ ಎಣ್ಣೆ ತೆಳುವಾಗಿ ಎರಡು ಸಲ. ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನೇ ಕಾದು ಹೊತ್ತಿಕೊಳ್ಳಬಹುದು. ನೀರಿಗೆ ಅದ್ದಿ ಹೊರಗೆ ಹರವಿ.

ಹೂವಿಗೆ ತುಂಬಾ ಖರ್ಚು ಮಾಡಬೇಡಿ. ಬಾಗಿಲಿಗೆ ಮಾವಿನ ತೋರಣ ಇದ್ದೇ ಇರುತ್ತದೆ. ತೊಟ್ಟಿಲ ಹಿಂದಿನ ಗೋಡೆಗೆ ಸಿಲ್ವರ್ ಓಕ್ ಎಲೆ ತನ್ನಿ, ತೋಟದ ನೆರಳು ಮರ, ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಜರೀಗಿಡದ ಹಾಗೆ ಸೀಳು ಸೀಳಾದ ಎಲೆ, ಮೇಲೆ ಹಸಿರು, ಹಿಂಬದಿ ಬೆಳ್ಳಿ. ಒಂದು ಹಸಿರು ಮುಖ, ಒಂದು ಬೆಳ್ಳಿ ಮುಖ ಹೊರಗೆ ಬರುವ ಹಾಗೆ ದಾರಕ್ಕೆ ಕಟ್ಟಿ, ನಡುವೆ ಹಳದಿ ಸೇವಂತಿಗೆ ಒಂದೊಂದೇ. ಕಾರ್ಯ ಮುಗಿದ ಮೇಲೆ ತೆಗೆದುಬಿಡಿ, ಮಳೆಗಾಲದಲ್ಲಿ ಒಣ ಎಲೆಗೆ ಬೂಷ್ಟು ಬರುತ್ತದೆ.

ನಿಮ್ಮ 5,000ದಲ್ಲಿ ಇಷ್ಟರ ಒಳಗೆ ಮುಗಿಸಿ: ಸುಣ್ಣ, ಪುಡಿ, ಬ್ರಷ್, ಪಟ್ಟಿಗೆ 1,000. ವೈರ್, ಹುಕ್, ದಾರ, ವಾಷರ್‌ಗೆ 1,000. ಬಲ್ಬ್, ಹೋಲ್ಡರ್, ವೈರು, ಬುಟ್ಟಿಗೆ 1,000. ಹೂವಿಗೆ 800. ಉಳಿದದ್ದು ಕೈಯಲ್ಲಿರಲಿ, ಕೊನೇ ಗಳಿಗೆಗೆ ಏನಾದರೂ ಬೇಕಾಗುತ್ತದೆ.

ಹೆಂಚಿನಮನೆ_ಚಿಕ್ಕಮಗಳೂರು

ತುಂಬಾ ಥ್ಯಾಂಕ್ಸ್. ಬೊಡ್ಡೆಯಲ್ಲಿ ತೂತಿಲ್ಲ, ರೊಬಸ್ಟಾ ಅಂತೆ. ರೇಷ್ಮೆ ಸೀರೆ ಹಾಗೇ ಇಡಬೇಕಾ? ಸೀಳಿದ್ದರಲ್ಲಿ ಕುಶನ್ ಕವರ್, ಚೆನ್ನಾಗಿರುವುದರಲ್ಲಿ ಆ ದಿನಕ್ಕೆ ಒಂದು ಕುರ್ತಾ ಹೊಲಿಸುವ ಯೋಚನೆ.

ಸೂಜಿದಾರ

ಚೆನ್ನಾಗಿರುವುದಕ್ಕೆ ಕತ್ತರಿ ಹಾಕಬೇಡಿ, ಉಡಿ. ಹಳೇ ರೇಷ್ಮೆ ಕುರ್ತಾ ಆದರೆ ಕಂಕುಳು ಹತ್ತಿರ, ಬೆನ್ನಿನ ಹತ್ತಿರ ಹೊಲಿಗೆ ಪಕ್ಕದಲ್ಲೇ ಬಿಡುತ್ತದೆ, ಕೈ ಎತ್ತಿದರೆ ಸಾಕು. ಸೀರೆಯಾಗಿ ಉಟ್ಟರೆ ಎಳೆತ ಇಲ್ಲ. ಹಳೇ ಬ್ಲೌಸ್ ಆಗದಿದ್ದರೆ ಗುಳೇದಗುಡ್ಡದ ಖಣದ್ದು ಒಂದು ಹೊಲಿಸಿ, ಬೇರೆ ಬಣ್ಣದ್ದೇ ಇರಲಿ. ಹಳೇ ಜರಿಯ ಪಕ್ಕ ಖಣದ ಸಣ್ಣ ಬುಟ್ಟಾ ಎದ್ದು ಕಾಣುತ್ತದೆ.

ಸೀಳಿದ ಸೀರೆಯನ್ನೂ ತಕ್ಷಣ ಕತ್ತರಿಸಬೇಡಿ. ಅಂಚಿನಿಂದ ಜರಿಯ ಒಂದೆಳೆ ಬಿಡಿಸಿ ಬೆಂಕಿಗೆ ಹಿಡಿಯಿರಿ. ಕರಗಿ ಉಂಡೆಯಾದರೆ ಪ್ಲಾಸ್ಟಿಕ್ ಜರಿ. ಲೋಹದ ಎಳೆ ಹಾಗೇ ಉಳಿದರೆ ಬೆಳ್ಳಿಯೋ ತಾಮ್ರವೋ ಅಂತ ಹಳೇ ಜರಿ ಕೊಳ್ಳುವವರ ಹತ್ತಿರ ಕೇಳಿ, ಬೆಳ್ಳಿಯಾದರೆ ತೂಕಕ್ಕೆ ಬೆಲೆ ಇದೆ.

ಕುಶನ್‌ಗೆ: ಮಡಿಕೆಯ ಗೆರೆಗಳನ್ನು ಬಿಟ್ಟು ನಡುವಿನ ಬಟ್ಟೆ ತೆಗೆದುಕೊಳ್ಳಿ. ಎರಡು ಹೆಬ್ಬೆರಳು ಹತ್ತಿರ ಇಟ್ಟು ಎಳೆದಾಗ ಚಟ್ ಅಂತ ಸದ್ದು ಬಂದರೆ ಆ ಭಾಗ ಬೇಡ. 16 ಇಂಚಿನ ಕುಶನ್‌ಗೆ ಮುಂಭಾಗ 17 ಇಂಚು ಚದರ, ಹಿಂದೆ ಇಸ್ತ್ರಿ ಕಾವಿಗೆ ಅಂಟುವ ತೆಳು ಪೇಸ್ಟಿಂಗ್ ಬಟ್ಟೆ. ಪೇಸ್ಟಿಂಗ್ ಇಲ್ಲದೆ ಹೊಲಿದರೆ ಮೂಲೆಯಲ್ಲಿ ತಿಂಗಳೊಳಗೆ ಹರಿಯುತ್ತದೆ. ಬೆನ್ನಿಗೆ ರೇಷ್ಮೆ ವೇಸ್ಟ್ ಮಾಡಬೇಡಿ. ಪರದೆಯಿಂದ ಉಳಿದ ಹತ್ತಿಯಲ್ಲಿ 17ಕ್ಕೆ 12ರ ಎರಡು ತುಂಡು, ಎರಡರ ಒಳಂಚನ್ನೂ ಒಂದೊಂದು ಇಂಚು ಮಡಿಸಿ, ಒಂದರ ಮೇಲೊಂದು 5 ಇಂಚು ಬರುವ ಹಾಗೆ ಹೊಲಿದರೆ ಜಿಪ್ ಬೇಡ. ಸೂಜಿ 11 ನಂಬರ್, ಹೊಸದೇ ಹಾಕಿ. ಮೊಂಡಾದ ಸೂಜಿ ರೇಷ್ಮೆ ಎಳೆಯನ್ನು ಎಳೆದುಬಿಡುತ್ತದೆ. ಬಣ್ಣ ಬಿಡುತ್ತದಾ ಅಂತ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಿ. ಬಿಟ್ಟರೆ ಮಗು ಮಲಗುವ ಜಾಗದಲ್ಲಿ ಇಡಬೇಡಿ.

ಉಟ್ಟ ಸೀರೆಯನ್ನು ಮಾರನೇ ದಿನ ನೆರಳಲ್ಲಿ ಗಾಳಿಗೆ ಹರವಿ. ಮಡಿಸುವಾಗ ಹಳೇ ಗೆರೆಯಿಂದ 2 ಇಂಚು ಪಕ್ಕಕ್ಕೆ ಮಡಿಸಿ, ಮೆತ್ತನೆ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಕವರ್ ಬೇಡ, ನಾಫ್ತಲಿನ್ ಗುಳಿಗೆ ಜರಿಗೆ ತಾಗಬಾರದು. ಆ ಬೀರುವನ್ನೂ ಪಡುವಣ ಗೋಡೆಯಿಂದ ಬೇರೆ ಕಡೆಗೆ ಸರಿಸಿ.