ಒದೆತ, ರೈಫಲ್‌ನ ಆಯ್ಕೆ ಮತ್ತು ಗುರಿ: ಬೇಟೆ ರೈಫಲ್ ಕುರಿತ ಪ್ರಶ್ನೋತ್ತರ

(ಉತ್ತರಿಸಿದವರು: ಸೇನೆಯಲ್ಲಿ ಆಯುಧ ತರಬೇತುದಾರರಾಗಿ ನಿವೃತ್ತರಾಗಿ, ಈಗ ಬೆಂಗಳೂರಿನಲ್ಲಿ ರೈಫಲ್ ಶೂಟಿಂಗ್ ಕಲಿಸುತ್ತಿರುವವರು.)

ಪ್ರಶ್ನೆ (ಜಯನಗರದ ಸದಸ್ಯರು): ನಮಸ್ಕಾರ ಸರ್. ಟೆಕ್ಸಾಸ್‌ನಲ್ಲಿ ನೆಲೆಸಿರುವ ನಮ್ಮ ಭಾವ ಅಲ್ಲಿಯ ಕಾನೂನಿನಂತೆ ಪರವಾನಗಿ ಪಡೆದು ಪ್ರತಿವರ್ಷ ನವೆಂಬರ್‌ನಲ್ಲಿ ಬಿಳಿಬಾಲದ ಜಿಂಕೆಯ ಬೇಟೆಗೆ ಹೋಗುತ್ತಾರೆ. ಈ ಸಲ ನನ್ನನ್ನೂ ಕರೆದಿದ್ದಾರೆ. ಅವರ .300 ವಿಂಚೆಸ್ಟರ್ ಮ್ಯಾಗ್ನಮ್ ರೈಫಲ್‌ನಿಂದ ರೇಂಜಿನಲ್ಲಿ 100 ಮೀಟರ್ ದೂರಕ್ಕೆ ಐದು ಈಡು ಹೊಡೆದೆ. ಮೊದಲನೆಯದು ಬಹುತೇಕ ನಡುವಿಗೇ ಬಿತ್ತು. ಉಳಿದವು ಕೆಳಕ್ಕೆ ಚದುರಿ, ಒಟ್ಟು 20 ಸೆಂ.ಮೀ. ಹರಡಿದವು. ಅದೇ ರೈಫಲ್‌ನಿಂದ ಭಾವ ಹೊಡೆದ ಮೂರು ಗುಂಡುಗಳ ತೂತುಗಳನ್ನು ಒಂದು ನಿಂಬೆಹಣ್ಣಿನಿಂದ ಮುಚ್ಚಬಹುದಿತ್ತು. ರೈಫಲ್ ದುರ್ಬೀನು ಸೇರಿ 3 ಕೆ.ಜಿ.ಗಿಂತ ಹಗುರವಾಗಿದೆ. ತಪ್ಪು ರೈಫಲ್‌ನದೋ, ನನ್ನದೋ?

ಉತ್ತರ: ಮೊದಲ ಗುಂಡು ನಡುವಿಗೆ ಬಿತ್ತು ಎಂದು ಬರೆದಿದ್ದೀರಿ. ಉತ್ತರ ಅಲ್ಲಿಯೇ ಇದೆ. ಆಗಿನ್ನೂ ನಿಮ್ಮ ಹೆಗಲಿಗೆ ಆ ರೈಫಲ್‌ನ ಒದೆತ ಎಂಥದೆಂದು ಗೊತ್ತಿರಲಿಲ್ಲ. ಎರಡನೆಯ ಈಡಿನ ಹೊತ್ತಿಗೆ ಗೊತ್ತಾಗಿತ್ತು.

ಒದೆತವು ಗುಂಡನ್ನು ದಾರಿ ತಪ್ಪಿಸುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಮದ್ದು ಹೊತ್ತಿಕೊಂಡು ಗುಂಡು ನಳಿಗೆಯಿಂದ ಹೊರಬೀಳಲು ಒಂದೆರಡು ಮಿಲಿಸೆಕೆಂಡು ಸಾಕು, ಮತ್ತು ಅಷ್ಟರಲ್ಲಿ ರೈಫಲ್ ಹಿಂದಕ್ಕೆ ಸರಿಯುವುದು ಎರಡು ಮೂರು ಮಿಲಿಮೀಟರ್ ಮಾತ್ರ. ಹೆಗಲಿಗೆ ಪೆಟ್ಟು ತಗಲುವ ಹೊತ್ತಿಗೆ ಗುಂಡು ಹೊರಟುಹೋಗಿರುತ್ತದೆ. ಗುರಿ ಕೆಡುವುದು ಅದಕ್ಕೂ ಮೊದಲು, ಬರಲಿರುವ ಪೆಟ್ಟನ್ನು ನೆನೆದು ದೇಹ ತಾನಾಗಿಯೇ ಬಿಗಿಯುವುದರಿಂದ. ಕಣ್ಣು ಮುಚ್ಚುತ್ತದೆ, ಹೆಗಲು ಮುಂದಕ್ಕೆ ಒತ್ತುತ್ತದೆ, ಬೆರಳು ಟ್ರಿಗರನ್ನು ಒತ್ತುವ ಬದಲು ಕಿತ್ತೆಳೆಯುತ್ತದೆ.

ಇದನ್ನು ನೋಡಲು ಸುಲಭವಾದ ಪರೀಕ್ಷೆಯೊಂದಿದೆ. ನಿಮ್ಮ ಭಾವನೇ ನಿಮಗೆ ಕಾಣದಂತೆ ತುಂಬಿಕೊಡಲಿ. ಒಮ್ಮೆ ನಿಜವಾದ ತೋಟೆ, ಒಮ್ಮೆ ಮದ್ದಿಲ್ಲದ ಅಭ್ಯಾಸದ ತೋಟೆ. ಬರಿಯ ‘ಟಿಕ್’ ಎಂದಾಗ ನಳಿಗೆಯ ತುದಿಯನ್ನು ಗಮನಿಸಿ. ನನ್ನ ಬಳಿ ಬರುವ ಹೊಸಬರಲ್ಲಿ ಹೆಚ್ಚಿನವರ ನಳಿಗೆ ಆ ಕ್ಷಣದಲ್ಲಿ ಕೋಳಿ ಕಾಳು ಹೆಕ್ಕುವಂತೆ ಕೆಳಕ್ಕೆ ಕುಕ್ಕುತ್ತದೆ. ತಮ್ಮ ಕಣ್ಣಾರೆ ಕಂಡ ಮೇಲೆಯೇ ಅವರು ನಂಬುತ್ತಾರೆ. ಆ ಕುಕ್ಕು ನಿಲ್ಲುವವರೆಗೆ ಅಭ್ಯಾಸ ಇದೇ ಆಗಿರಲಿ.

ಇನ್ನು ರೈಫಲ್‌ನ ಆಯ್ಕೆ. ಒದೆತ ತೋಟೆಯ ಬಗೆಗೆ ತಕ್ಕಂತೆ ಬದಲಾಗುತ್ತದೆ; ರೈಫಲ್‌ನ ತೂಕ 3.5 ಕೆ.ಜಿ. ಎಂದು ಇಟ್ಟುಕೊಂಡರೆ .243 ವಿಂಚೆಸ್ಟರ್ ತೋಟೆ ಸುಮಾರು 12 ಜೂಲ್, .308 ವಿಂಚೆಸ್ಟರ್ ಸುಮಾರು 22 ಜೂಲ್, .300 ಮ್ಯಾಗ್ನಮ್ ಸುಮಾರು 40 ಜೂಲ್ ಶಕ್ತಿಯಿಂದ ಒದೆಯುತ್ತದೆ. ಅದೇ ಮ್ಯಾಗ್ನಮ್ ತೋಟೆಯನ್ನು 2.8 ಕೆ.ಜಿ. ರೈಫಲ್‌ಗೆ ತುಂಬಿದರೆ ಒದೆತ 50 ಜೂಲ್ ಮುಟ್ಟುತ್ತದೆ, ಏಕೆಂದರೆ ತೂಕ ಇಳಿದ ಪ್ರಮಾಣದಲ್ಲೇ ಒದೆತದ ಶಕ್ತಿ ಏರುತ್ತದೆ. ಹಗುರವಾದ ರೈಫಲ್ ಬೆಟ್ಟ ಹತ್ತುವಾಗ ಹಿತ. ಈಡು ಹೊಡೆಯುವಾಗ ಅದೇ ಹಗುರ ಹೆಗಲಿಗೆ ಮುಳುವಾಗುತ್ತದೆ.

ಆ ಜಿಂಕೆಯ ಹೃದಯ ಮತ್ತು ಶ್ವಾಸಕೋಶ ಇರುವ ಜಾಗ ಸುಮಾರು 20 ಸೆಂ.ಮೀ. ಅಗಲ. 100 ಮೀಟರ್‌ಗೆ 4.5 ಸೆಂ.ಮೀ. ಒಳಗೆ ಗುಂಡು ಕೂರಿಸುವ ಸಾಧಾರಣ ರೈಫಲ್ 200 ಮೀಟರ್‌ಗೆ 9 ಸೆಂ.ಮೀ. ಒಳಗೆ ಕೂರಿಸುತ್ತದೆ, ಅದು ಧಾರಾಳವಾಯಿತು. ನಿಮ್ಮ ಈಗಿನ ಹರಡು ಅಷ್ಟೇ ದೂರಕ್ಕೆ 40 ಸೆಂ.ಮೀ. ಆಗುತ್ತದೆ, ಎಂದರೆ ಹೊಟ್ಟೆಗೋ ಕಾಲಿಗೋ ಗುಂಡು ತಗಲಿದ ಜಿಂಕೆ ಪೊದೆಯೊಳಗೆ ಗಂಟೆಗಟ್ಟಲೆ ನರಳುತ್ತದೆ. ಇದನ್ನು ನಾನು ಲಘುವಾಗಿ ಹೇಳುತ್ತಿಲ್ಲ. ಭಾವನವರಲ್ಲಿ .243, 7 ಎಂ.ಎಂ.-08 ಅಥವಾ 6.5 ಕ್ರೀಡ್‌ಮೂರ್ ತೋಟೆಯ ರೈಫಲ್ ಇದ್ದರೆ ಕೇಳಿ ಪಡೆಯಿರಿ. ಬಿಳಿಬಾಲದ ಜಿಂಕೆಗೆ ಅವು ಯಾವುದೂ ಕಡಿಮೆಯಲ್ಲ.

ಪ್ರಶ್ನೆ (ಅದೇ ಸದಸ್ಯರು): ಧನ್ಯವಾದ ಸರ್. ನಳಿಗೆಯ ತುದಿಗೆ ಮಝಲ್ ಬ್ರೇಕ್ ಹಾಕಿಸಿದರೆ ಇದೇ ರೈಫಲ್ ಆಗಬಹುದೇ ಎಂದು ಭಾವ ಕೇಳುತ್ತಿದ್ದಾರೆ.

ಉತ್ತರ: ಒದೆತ ಖಂಡಿತ ತಗ್ಗುತ್ತದೆ. ಆದರೆ ಬ್ರೇಕ್ ಹೊಗೆಯನ್ನೂ ಅನಿಲವನ್ನೂ ಪಕ್ಕಕ್ಕೆ ತಿರುಗಿಸುವುದರಿಂದ ಸದ್ದು ಹೊಡೆಯುವವರ ಕಡೆಗೇ ಹೆಚ್ಚುತ್ತದೆ, ಮತ್ತು ಬೆಚ್ಚುವಿಕೆಯಲ್ಲಿ ಸದ್ದಿನ ಪಾಲು ಒದೆತದ ಪಾಲಿಗಿಂತ ಕಡಿಮೆಯೇನಲ್ಲ. ಬೇಟೆ ರೈಫಲ್‌ನ ಸದ್ದು 160 ಡೆಸಿಬೆಲ್ ಹತ್ತಿರವಿರುತ್ತದೆ. ಕಿವಿಯೊಳಗೆ ಪ್ಲಗ್, ಮೇಲೆ ಇಯರ್‌ಮಫ್, ಎರಡೂ ಇರಲಿ. ಅದಕ್ಕಿಂತ ಮೊದಲು ಬಟ್ಟಿಗೆ, ಎಂದರೆ ಹೆಗಲಿಗೆ ಒರಗುವ ರೈಫಲ್‌ನ ಹಿಂಬದಿಗೆ, ಒಳ್ಳೆಯ ರಬ್ಬರ್ ಪ್ಯಾಡ್ ಹಾಕಿಸಿ. ಮುಂಭಾಗವನ್ನು ಮೇಜಿನ ಮರದ ಮೇಲೆ ನೇರವಾಗಿ ಇಟ್ಟು ಹೊಡೆದಿದ್ದರೆ ಇನ್ನು ಮರಳಿನ ಚೀಲದ ಮೇಲಿಡಿ, ಗಟ್ಟಿ ನೆಲೆಯ ಮೇಲೆ ರೈಫಲ್ ಪುಟಿದು ಗುಂಡು ಮೇಲಕ್ಕೆ ಹೋಗುತ್ತದೆ. ತೆಳು ನಳಿಗೆ ಬೇಗ ಕಾಯುತ್ತದೆ. ಮೂರು ಈಡಿಗೊಮ್ಮೆ ತಣಿಯಲು ಬಿಡಿ.

ಪ್ರಶ್ನೆ (ಕೊಡಗು ಮೂಲದ, ಮಲ್ಲೇಶ್ವರದ ಸದಸ್ಯೆ): ಸರ್, ನಮ್ಮದು ಬೇಟೆಯ ವಿಚಾರವಲ್ಲ. ಕೈಲ್ ಮುಹೂರ್ತದ ಸಮಯದಲ್ಲಿ ಊರಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇರುತ್ತದೆ. ನನ್ನ ಮಗಳು ಅಜ್ಜನ 12 ಬೋರ್ ತೋಟಾ ಕೋವಿಯಲ್ಲಿ ಒಮ್ಮೆ ಹೊಡೆದು ಹೆಗಲು ಕಪ್ಪಗಾದ ಮೇಲೆ ಕೋವಿ ಮುಟ್ಟಲೇ ಹೆದರುತ್ತಾಳೆ.

ಉತ್ತರ: ಬೇಟೆಯಲ್ಲವೆಂದು ನೀವು ಹೇಳಿದ್ದು ಒಳ್ಳೆಯದಾಯಿತು ಮೇಡಂ, ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವಾಗ ಗುರಿಗಾರಿಕೆಯ ಕಲೆ ಉಳಿಯಬೇಕಾದದ್ದು ಇಂಥ ಸ್ಪರ್ಧೆಗಳಲ್ಲೇ. ಮಗಳ ಹೆದರಿಕೆಗೆ ಕಾರಣವಿದೆ. 32 ಗ್ರಾಂ ಚರೆಯ ಸಾಮಾನ್ಯ 12 ಬೋರ್ ತೋಟೆ ಸುಮಾರು 30 ಜೂಲ್ ಒದೆಯುತ್ತದೆ, ಎಂದರೆ ಮೇಲೆ ಹೇಳಿದ .308 ರೈಫಲ್‌ಗಿಂತ ಹೆಚ್ಚು. ಅವಳಿಗೆ ಮೊದಲು ಏರ್ ರೈಫಲ್, ಆಮೇಲೆ .22 ರೈಫಲ್ ಕೊಡಿಸಿ; ಗುಂಡು ಹೊರಟ ಮೇಲೂ ಕಣ್ಣು ತೆರೆದು ಗುರಿಯನ್ನೇ ನೋಡುತ್ತಿರುವ ಅಭ್ಯಾಸ ಅಲ್ಲಿಯೇ ಕೂರುತ್ತದೆ.

ಅಜ್ಜನ ಕೋವಿಗೆ ಮರಳುವ ಮುನ್ನ ಬಟ್ಟಿನ ಉದ್ದ ನೋಡಿ. ಖಾಲಿ ಕೋವಿಯ ಬಟ್ಟನ್ನು ಅವಳ ಮೊಣಕೈಯ ಒಳಮಡಿಕೆಗೆ ತಾಗಿಸಿದಾಗ ಬೆರಳಿನ ಮೊದಲ ಗೆಣ್ಣು ಟ್ರಿಗರ್ ಮುಟ್ಟದಿದ್ದರೆ, ಕೋವಿ ಅವಳಿಗೆ ಉದ್ದವಾಯಿತು. ಆಗ ಬಟ್ಟು ಹೆಗಲಿನ ಗುಳಿಯಲ್ಲಿ ಕೂರದೆ ತೋಳಿನ ಮೇಲೆ ಜಾರುತ್ತದೆ; ಕಪ್ಪಗಾಗುವುದು ಅಲ್ಲಿಯೇ. ಅವಳಿಗೆ ಕಲೆಯಾದ ಜಾಗ ತೋಳಿನ ಕಡೆಗಿತ್ತೇ, ಕಾಲರ್ ಎಲುಬಿನ ಕೆಳಗಿತ್ತೇ ಎಂದು ಕೇಳಿ ತಿಳಿಸಿ.

ಪ್ರತಿಕ್ರಿಯೆ (ಅದೇ ಸದಸ್ಯೆ): ತೋಳಿನ ಮೇಲೆಯೇ ಸರ್. ಈಗ ಅಳೆದು ನೋಡಿದೆವು, ಬೆರಳು ಟ್ರಿಗರ್‌ಗೆ ಎರಡು ಅಂಗುಲ ದೂರದಲ್ಲಿ ನಿಲ್ಲುತ್ತದೆ.