ಕಟಿಂಗ್ ಗೆರೆಗೇ ಮುಗಿದ ಚಿತ್ರಕ್ಕೆ ಬ್ಲೀಡ್ ಕೂಡಿಸುವುದು ಹೇಗೆ?

ಕುಶಾಲನಗರದಿಂದ ಬಂದ ಪ್ರಶ್ನೆ:
ನಮ್ಮ ತೋಟದ ಜೇನಿನ ಬಾಟಲಿಗೆ 90 ಮಿ.ಮೀ. ಉದ್ದ, 60 ಮಿ.ಮೀ. ಅಗಲದ ಅಂಡಾಕಾರದ ಲೇಬಲ್ ಮಾಡಿಸುತ್ತಿದ್ದೇನೆ. ಹಿನ್ನೆಲೆಗೆ ಹಾಕಿರುವ ಕಾಫಿ ಹೂವಿನ ಚಿತ್ರ ಕಟಿಂಗ್ ಗೆರೆಯಲ್ಲಿಯೇ ಮುಗಿದಿದ್ದು, ಪ್ರೆಸ್‌ನವರು ಸುತ್ತಲೂ 3 ಮಿ.ಮೀ. ಬ್ಲೀಡ್ (ಕಟಿಂಗ್ ಗೆರೆಯಿಂದ ಹೊರಕ್ಕೆ ಚಾಚಿ, ಕತ್ತರಿಸಿದಾಗ ಹೋಗುವ ಚಿತ್ರದ ಹೆಚ್ಚುವರಿ ಅಂಚು) ಬೇಕೆನ್ನುತ್ತಿದ್ದಾರೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಮಡಿಕೇರಿಯಿಂದ ಉತ್ತರ:
ಮೊದಲು ಕ್ಯಾಮೆರಾದಿಂದ ಬಂದ ಮೂಲ ಚಿತ್ರವನ್ನು ತೆರೆದು ನೋಡಿ. ಎಷ್ಟೋ ಸಲ ವಿನ್ಯಾಸ ಮಾಡುವಾಗ ಕತ್ತರಿಸಿಹಾಕಿದ ಭಾಗದಲ್ಲಿಯೇ ಬೇಕಾದಷ್ಟು ಎಲೆ, ಕೊಂಬೆ ಉಳಿದಿರುತ್ತವೆ. ಅದು ಇಲ್ಲದಿದ್ದರೆ ಇಡೀ ಚಿತ್ರವನ್ನು ಹಿಗ್ಗಿಸಬಹುದು. ಆದರೆ ಲೆಕ್ಕವನ್ನು ಕಿರಿದಾದ ಬದಿಯಿಂದ ಹಾಕಬೇಕು: 60 ಮಿ.ಮೀ. ಇರುವುದು 66 ಆಗಬೇಕಾದ್ದರಿಂದ ಹಿಗ್ಗುವುದು ಶೇ. 10. ಇಂಚಿಗೆ 300 ಪಿಕ್ಸೆಲ್ ಇದ್ದ ಚಿತ್ರ ಆಗ ಸುಮಾರು 273ಕ್ಕೆ ಇಳಿಯುತ್ತದೆ. ಇಷ್ಟು ಇಳಿದರೆ ತೊಂದರೆಯಿಲ್ಲ. ಅಕ್ಷರಗಳನ್ನು ಮಾತ್ರ ಬೇರೆ ಪದರದಲ್ಲಿಟ್ಟು, ಅವುಗಳನ್ನು ಹಿಗ್ಗಿಸಬೇಡಿ.

ಹೂಗಳು ಇದ್ದ ಅಳತೆಯಲ್ಲಿಯೇ ಉಳಿಯಬೇಕೆಂದಾದರೆ ಅಂಚನ್ನು ಬೆಳೆಸುವುದೇ ದಾರಿ. 3 ಮಿ.ಮೀ. ಎಂದರೆ 300ರ ಚಿತ್ರದಲ್ಲಿ ಸುಮಾರು 35 ಪಿಕ್ಸೆಲ್. ಫೋಟೋಶಾಪ್‌ನಲ್ಲಿ ಕ್ಯಾನ್ವಾಸನ್ನು ಪ್ರತಿ ಬದಿಗೂ ಅಷ್ಟು ದೊಡ್ಡದು ಮಾಡಿ, ಖಾಲಿ ಭಾಗದ ಜೊತೆಗೆ ಚಿತ್ರದ ಒಳಗಿನ ನಾಲ್ಕೈದು ಪಿಕ್ಸೆಲ್‌ಗಳನ್ನೂ ಸೇರಿಸಿ ಆಯ್ದು, ಕಂಟೆಂಟ್-ಅವೇರ್ ಫಿಲ್ (ಸುತ್ತಲಿನ ಚಿತ್ರವನ್ನು ನೋಡಿ ಖಾಲಿ ಜಾಗ ತುಂಬುವ ಸೌಲಭ್ಯ) ಕೊಟ್ಟರೆ ಎಲೆ, ಮಂಜು, ನೆರಳಿನಂಥ ಹಿನ್ನೆಲೆ ಚೆನ್ನಾಗಿ ತುಂಬಿಕೊಳ್ಳುತ್ತದೆ. ಅಂಚಿಗೆ ತಾಗಿದ ಹೂವಿನ ದಳವನ್ನು ಅದಕ್ಕೆ ಬಿಡದೆ, ಚಿತ್ರದ ಒಂದು ಭಾಗವನ್ನು ಇನ್ನೊಂದು ಕಡೆಗೆ ನಕಲಿಸುವ ಕ್ಲೋನ್ ಸ್ಟ್ಯಾಂಪ್ ಹಿಡಿದು ಕೈಯಿಂದಲೇ ಮುಂದುವರಿಸುವುದು ಒಳ್ಳೆಯದು.

ಅಂಚಿನ ಒಂದು ಸಾಲು ಪಿಕ್ಸೆಲನ್ನು ಹಿಡಿದು ಹೊರಕ್ಕೆ ಎಳೆಯುವ ಸುಲಭದ ದಾರಿಯನ್ನು ಮಾತ್ರ ಹಿಡಿಯಬೇಡಿ. ಏಲಕ್ಕಿ ಪೊಟ್ಟಣದ ಚೀಟಿಗೆ ನಾನು ಹಾಗೆ ಮಾಡಿದ್ದೆ. ಡೈ (ಆಕಾರಕ್ಕೆ ತಕ್ಕಂತೆ ಕತ್ತರಿಸುವ ಅಚ್ಚು) ಒಂದು ಮಿ.ಮೀ. ಸರಿದದ್ದೇ ತಡ, ಬಾಚಣಿಗೆಯ ಹಲ್ಲಿನಂಥ ಗೆರೆಗಳು ಒಂದು ಬದಿಯುದ್ದಕ್ಕೂ ಕಾಣಿಸಿಕೊಂಡು, ಅಷ್ಟೂ ಚೀಟಿಗಳನ್ನು ಮತ್ತೆ ಮುದ್ರಿಸಬೇಕಾಯಿತು. ಕತ್ತರಿಸಿ ಹೋಗುವ ಭಾಗವೆಂದು ಬ್ಲೀಡನ್ನು ಹಗುರವಾಗಿ ಕಂಡದ್ದು ನನ್ನ ತಪ್ಪು. ಅದರ ಒಳಬದಿಯ ಒಂದು ಮಿ.ಮೀ. ಯಾವಾಗ ಬೇಕಾದರೂ ಗಿರಾಕಿಯ ಕಣ್ಣಿಗೆ ಬೀಳಬಹುದು.

ವಿರಾಜಪೇಟೆಯಿಂದ ಉತ್ತರ:
ಮೇಲಿನವರ ಮಾತಿಗೆ ಪ್ರೆಸ್ ಕೆಲಸದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಕಟಿಂಗ್ ಗೆರೆಯನ್ನು ಚಿತ್ರದೊಳಗೆ ಸೇರಿಸದೆ, ಬೇರೆ ಪದರದಲ್ಲಿ, ಪ್ರತ್ಯೇಕ ಸ್ಪಾಟ್ ಬಣ್ಣದಲ್ಲಿ (ಚಿತ್ರದ ಬಣ್ಣಗಳೊಂದಿಗೆ ಬೆರೆಯದ, ಬೇರೆಯೇ ಹೆಸರಿನ ಬಣ್ಣ), ಓವರ್‌ಪ್ರಿಂಟ್ (ಕೆಳಗಿನದನ್ನು ಅಳಿಸದೆ ಅದರ ಮೇಲೆಯೇ ಮುದ್ರಿಸುವ ಆಯ್ಕೆ) ಇಟ್ಟು ಕೊಡಿ. ಇಲ್ಲವಾದರೆ ಗೆರೆಯ ಕೆಳಗೆ ಚಿತ್ರ ಅಳಿದು ಬಿಳಿ ಸೀಳು ಉಳಿಯುವ ಸಾಧ್ಯತೆಯಿದೆ. ಇಲ್ಲಸ್ಟ್ರೇಟರ್‌ನಲ್ಲಿ ಅದೇ ಗೆರೆಗೆ 3 ಮಿ.ಮೀ. ಆಫ್‌ಸೆಟ್ ಪಾತ್ (ಗೆರೆಯಿಂದ ಅಷ್ಟೇ ದೂರದಲ್ಲಿ ಹೊರಗೆ ಇನ್ನೊಂದು ಗೆರೆ ಎಳೆಯುವ ಆಜ್ಞೆ) ಕೊಟ್ಟರೆ ಬ್ಲೀಡಿನ ಮೇರೆ ಸಿಗುತ್ತದೆ. ಒಂದೇ ಹಾಳೆಯಲ್ಲಿ ಲೇಬಲ್‌ಗಳನ್ನು ಜೋಡಿಸುವಾಗ ಎರಡರ ಕಟಿಂಗ್ ಗೆರೆಗಳ ನಡುವೆ 6 ಮಿ.ಮೀ. ಬಿಡದಿದ್ದರೆ ಒಂದರ ಬ್ಲೀಡ್ ಇನ್ನೊಂದರ ಮೇಲೆ ಏರುತ್ತದೆ.

ನಮ್ಮ ಕಡೆಯ ಮಳೆಗಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕಾಗದ ತೇವ ಹೀರಿ, ಅದರ ನಾರಿಗೆ ಅಡ್ಡಲಾದ ದಿಕ್ಕಿನಲ್ಲಿ ಹೆಚ್ಚು ಹಿಗ್ಗುತ್ತದೆ. ಡೈ ಮಾತ್ರ ಪ್ಲೈವುಡ್ಡಿನಲ್ಲಿ ಕೂರಿಸಿದ ಉಕ್ಕಿನ ಪಟ್ಟಿಯಾದ್ದರಿಂದ ಇದ್ದಂತೆಯೇ ಇರುತ್ತದೆ. ಆದ್ದರಿಂದ ಜೂನ್, ಜುಲೈನಲ್ಲಿ ಮುದ್ರಿಸುವ ಕೆಲಸಕ್ಕೆ ಅಕ್ಷರಗಳನ್ನು ಗೆರೆಯಿಂದ 3 ಮಿ.ಮೀ.ನಷ್ಟಾದರೂ ಒಳಗಿಡಿ, ಅಂಚಿನ ಪಕ್ಕದಲ್ಲಿ ತೆಳು ಚೌಕಟ್ಟಿನ ಗೆರೆ ಬೇಡವೇ ಬೇಡ, ಮತ್ತು ಮುದ್ರಿಸಿದ ಹಾಳೆಗಳನ್ನು ಡೈಗೆ ಹೋಗುವವರೆಗೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಲು ಪ್ರೆಸ್‌ನವರಿಗೆ ಹೇಳಿ.